ಹತ್ತೊಂಬತ್ತನೆಯ ಶತಮಾನದ ಸಿಪಾಯಿ ಛಾಯಾಚಿತ್ರಗಳು: ಕಲಬುರಗಿ ಪ್ರದೇಶದ ಉಡುಪು, ಆಯುಧ ಮತ್ತು ಜನಪದ ಸ್ಮೃತಿ

ಜನಪದ ಅಧ್ಯಯನದಲ್ಲಿ ಹಾಡು, ಕಥೆ, ಗಾದೆ, ಒಗಟುಗಳಿಗೆ ದೊರೆತಿರುವ ಗಮನ ಮನೆಯ ಗೋಡೆಯ ಮೇಲಿರುವ ಛಾಯಾಚಿತ್ರಕ್ಕೆ ದೊರೆತಿಲ್ಲ. ಛಾಯಾಚಿತ್ರವು ಯಂತ್ರದ ಉತ್ಪನ್ನವಾದ್ದರಿಂದ ಅದು ಇತಿಹಾಸಕಾರನ ಸೊತ್ತು, ಮೌಖಿಕ ಪರಂಪರೆ ಮಾತ್ರ ಜಾನಪದ ವಿದ್ವಾಂಸನ ಸೊತ್ತು ಎಂಬ ವಿಭಜನೆ ಬಹುಕಾಲ ನಡೆದುಬಂದಿತು. ಆದರೆ ಹಿರಿಯರ ಚಿತ್ರಕ್ಕೆ ಹಬ್ಬದ ದಿನ ಕುಂಕುಮವಿಟ್ಟು ಹೂ ಏರಿಸುವ ಮನೆಗಳಲ್ಲಿ, ಆ ಚಿತ್ರದ ಸುತ್ತ ಹೆಣೆದ ಮಾತುಗಳಿಲ್ಲದೆ ಚಿತ್ರಕ್ಕೆ ಅರ್ಥವಿಲ್ಲ. ಕಾಗದದ ಮೇಲಿನ ರೂಪ ಮತ್ತು ಬಾಯಿಯಲ್ಲಿ ಉಳಿದ ಮಾತು ಇವೆರಡೂ ಸೇರಿಯೇ ಒಂದು ಸ್ಮೃತಿಯಾಗುತ್ತದೆ.

ಕಲಬುರಗಿ ನಗರದ ಅಂಚಿನ ತಾಜಸುಲ್ತಾನಪುರವನ್ನು ಈ ವಿಚಾರಕ್ಕೆ ಆರಂಭಬಿಂದುವಾಗಿ ಇಟ್ಟುಕೊಳ್ಳಬಹುದು. ಊರಿನ ಹೆಸರಿನಲ್ಲಿಯೇ ‘ತಾಜ್’ ಎಂಬ ಕಿರೀಟವಾಚಕವೂ ‘ಸುಲ್ತಾನ’ ಎಂಬ ಅರಸುವಾಚಕವೂ ‘ಪುರ’ ಎಂಬ ದೇಶೀ ನೆಲೆವಾಚಕವೂ ಕೂಡಿವೆ. ಇದೇ ಊರಿನಲ್ಲಿ ಇಂದು ಕರ್ನಾಟಕ ರಾಜ್ಯ ಮೀಸಲು ಪೊಲೀಸ್ ಪಡೆಯ 6ನೆಯ ತುಕಡಿಯ ನೆಲೆಯಿದೆ. ಬಹಮನಿಯರಿಂದ ನಿಜಾಮರವರೆಗೆ ಈ ಸೀಮೆ ಹಲವು ಬಗೆಯ ಸೈನಿಕರನ್ನು, ಹಲವು ಬಗೆಯ ಉಡುಪನ್ನು ಕಂಡಿದೆ. ಅವರ ಪೈಕಿ ಕ್ಯಾಮರಾದ ಮುಂದೆ ನಿಂತ ಮೊದಲ ತಲೆಮಾರು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದ್ದು. ಇಂಥ ಊರಿನ ಮನೆಯೊಂದರಲ್ಲಿ ಮುಂಡಾಸು ಸುತ್ತಿ, ಕೋಟು ತೊಟ್ಟು, ಬಂದೂಕು ಹಿಡಿದ ಪೂರ್ವಜನ ಮಸುಕಾದ ಚಿತ್ರವೊಂದು ದೊರೆತರೆ ಅದನ್ನು ಹೇಗೆ ಓದಬೇಕು, ಓದುವಲ್ಲಿ ಏನು ತಪ್ಪಬಹುದು, ಆ ತಪ್ಪಿನಿಂದ ಯಾರಿಗೆ ಅನ್ಯಾಯವಾಗಬಹುದು ಎಂಬುದನ್ನು ವಿವರಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಒಂದೇ ಸೀಮೆ, ಹಲವು ಸೇನೆ

ಮೊದಲಿಗೆ ಗಮನಿಸಬೇಕಾದ ಸಂಗತಿಯೆಂದರೆ, ಹೈದರಾಬಾದ್ ಸಂಸ್ಥಾನದಲ್ಲಿ ‘ನಿಜಾಮನ ಸೈನ್ಯ’ ಎಂಬ ಒಂದೇ ಸೈನ್ಯ ಇರಲಿಲ್ಲ. ಜನರ ಮಾತಿನಲ್ಲಿ ಎಲ್ಲವೂ ‘ನಿಜಾಮಶಾಹಿ ಲಷ್ಕರು’ ಆಗಿದ್ದರೂ, ಕನಿಷ್ಠ ನಾಲ್ಕು ಬಗೆಯ ಸೈನ್ಯಗಳನ್ನು ಪ್ರತ್ಯೇಕವಾಗಿ ಗುರುತಿಸಬೇಕಾಗುತ್ತದೆ.

ಮೊದಲನೆಯದು ಸಿಕಂದರಾಬಾದಿನಲ್ಲಿ ನೆಲೆಸಿದ್ದ ಬ್ರಿಟಿಷರ ಸಹಾಯಕ ಸೇನೆ. ಇದು ನಿಜಾಮನ ರಾಜ್ಯದಲ್ಲಿದ್ದರೂ ನಿಜಾಮನದಲ್ಲ.

ಎರಡನೆಯದು ‘ಹೈದರಾಬಾದ್ ಕಂಟಿಂಜೆಂಟ್’. ರೆಸಿಡೆಂಟನಾಗಿದ್ದ ಹೆನ್ರಿ ರಸೆಲ್‌ನ ಕಾಲದಲ್ಲಿ ಕಟ್ಟಿದ ತುಕಡಿಗಳಿಂದ ಬೆಳೆದ ಈ ಪಡೆಯ ಖರ್ಚಿಗಾಗಿ 1853ರ ಒಪ್ಪಂದದಲ್ಲಿ ಬಿರಾರ, ರಾಯಚೂರು ದೋಆಬ್ ಮೊದಲಾದ ಪ್ರದೇಶಗಳು ಬ್ರಿಟಿಷರ ವಶಕ್ಕೆ ಹೋದವು. 1860ರಲ್ಲಿ ರಾಯಚೂರು ದೋಆಬ್ ನಿಜಾಮನಿಗೆ ಮರಳಿತು. ಹಣ ನಿಜಾಮನದು, ಅಧಿಕಾರಿಗಳು ಬ್ರಿಟಿಷರು, ಸಿಪಾಯಿಗಳು ದೇಶೀಯರು. 1853ರ ವ್ಯವಸ್ಥೆಯಂತೆ ಇದರಲ್ಲಿ ನಾಲ್ಕು ಅಶ್ವದಳಗಳು, ಆರು ಕಾಲಾಳು ಪಲ್ಟನ್ನುಗಳು, ನಾಲ್ಕು ತೋಪಿನ ದಳಗಳು ಇದ್ದವು. ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ಇದರ ಛಾವಣಿಗಳಲ್ಲಿ ಒಂದಾಗಿತ್ತು. 1903ರಲ್ಲಿ ಈ ಪಡೆ ಪ್ರತ್ಯೇಕ ಅಸ್ತಿತ್ವ ಕಳೆದುಕೊಂಡು ಬ್ರಿಟಿಷ್ ಭಾರತದ ಸೇನೆಯಲ್ಲಿ ವಿಲೀನವಾಯಿತು. ‘ಡೆಕ್ಕನ್ ಹಾರ್ಸ್’ ಎಂಬ ಹೆಸರು ಅದರ ಕುದುರೆ ದಳಗಳಿಂದ ಉಳಿದುಬಂದದ್ದು.

ಮೂರನೆಯದು ನಿಜಾಮನ ಸ್ವಂತ ಸೇನೆ. ಇದರಲ್ಲಿ ದಿವಾನ ಸಾಲಾರ್‌ಜಂಗನ ಸುಧಾರಣೆಯ ಕಾಲದಲ್ಲಿ ಕವಾಯತು ಕಲಿತ ಶಿಸ್ತಿನ ಪಡೆಗಳೂ, ಅರಬ್, ರೋಹಿಲ, ಸಿಖ್ ಮೊದಲಾದ ಅನಿಯತ ಪಡೆಗಳೂ, ಸಿದ್ದಿಗಳಿಂದ ಕೂಡಿದ ಆಫ್ರಿಕನ್ ಅಂಗರಕ್ಷಕ ದಳವೂ ಸೇರಿದ್ದವು. 1889ರಲ್ಲಿ ದೇಶೀ ಸಂಸ್ಥಾನಗಳಿಗಾಗಿ ‘ಇಂಪೀರಿಯಲ್ ಸರ್ವಿಸ್’ ಪಡೆಗಳ ಯೋಜನೆ ಬಂದ ಮೇಲೆ ಹೈದರಾಬಾದ್ ಎರಡು ಲ್ಯಾನ್ಸರ್ ದಳಗಳನ್ನು ಕಟ್ಟಿತು. ಇದೇ ಯೋಜನೆಯಲ್ಲಿ ಮೈಸೂರು ಸಂಸ್ಥಾನ 1892ರಲ್ಲಿ ತನ್ನ ಲ್ಯಾನ್ಸರ್ ದಳವನ್ನು ರೂಪಿಸಿತು. ಹೈದರಾಬಾದ್ ಮತ್ತು ಮೈಸೂರಿನ ಈ ಸವಾರರು ಮುಂದೆ ಮೊದಲ ಮಹಾಯುದ್ಧದಲ್ಲಿ ಒಂದೇ ಬ್ರಿಗೇಡಿನಲ್ಲಿ ಪ್ಯಾಲೆಸ್ಟೈನಿನವರೆಗೆ ಹೋದರು.

ನಾಲ್ಕನೆಯದು ಪಾಯಗಾ ಅಮೀರರು, ಜಾಗೀರದಾರರು ಮತ್ತು ಸಂಸ್ಥಾನಿಕರ ಖಾಸಗಿ ಪಡೆ. ಕಲಬುರಗಿ, ಬೀದರ ಭಾಗಗಳಲ್ಲಿ ಹರಡಿದ್ದ ಪಾಯಗಾ ಜಾಗೀರುಗಳಿಗೆ ಕುದುರೆ ಸವಾರರನ್ನು ಸಾಕುವ ಹೊಣೆ ಮೂಲದಿಂದಲೇ ಅಂಟಿಕೊಂಡಿತ್ತು. ಗಡಿ, ಗಢಿ, ಖಜಾನೆ ಕಾಯುವ ಶೇತಸನದಿ ಮತ್ತು ಸಿಬಂದಿ ಜನರೂ ಕತ್ತಿ, ಬಂದೂಕು ಹಿಡಿಯುತ್ತಿದ್ದರು.

ಹೈದರಾಬಾದ್ ಸಂಸ್ಥಾನಕ್ಕೆ ಕಡಲತೀರ ಇರಲಿಲ್ಲವಾದ್ದರಿಂದ ನಾವಿಕರ ಉಡುಪಿನ ಪ್ರಶ್ನೆ ಇಲ್ಲಿ ಬರುವುದಿಲ್ಲ. ಆದರೆ ಸೇನೆ ಎಂಬರ್ಥದ ‘ಲಷ್ಕರ್’ ಪದವೇ ಹಡಗಿನ ಭಾರತೀಯ ಕೆಲಸಗಾರರಿಗೂ ಅನ್ವಯವಾಗಿ ಕಡಲನ್ನು ದಾಟಿತೆಂಬುದು ಭಾಷೆಯ ದೃಷ್ಟಿಯಿಂದ ಗಮನಾರ್ಹ.

ಕ್ಯಾಮರಾ ಬಂದ ದಾರಿ

ಕನ್ನಡ ನಾಡಿಗೆ ಛಾಯಾಗ್ರಹಣ ಬಂದದ್ದು ಬಹುಮಟ್ಟಿಗೆ ಸೇನೆ ಮತ್ತು ಆಡಳಿತದ ಜನರ ಮೂಲಕವೇ. ಡಾ. ಪಿಗೂ, ಎ.ಸಿ.ಬಿ. ನೀಲ್ ಮತ್ತು ಕರ್ನಲ್ ಬಿಗ್ಸ್ ಅವರು ತೆಗೆದ ಧಾರವಾಡ–ಮೈಸೂರು ಪ್ರದೇಶದ ದೇವಾಲಯಗಳ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ಗ್ರಂಥರೂಪದಲ್ಲಿ ಪ್ರಕಟವಾದವು. ಆ ಗ್ರಂಥಕ್ಕೆ ಬರೆದವರಲ್ಲಿ ಸುರಪುರದ ಆಡಳಿತ ನೋಡಿಕೊಂಡಿದ್ದ ಮೆಡೋಸ್ ಟೇಲರ್ ಒಬ್ಬ. 1868ರಿಂದ 1875ರ ಅವಧಿಯಲ್ಲಿ ಎಂಟು ಸಂಪುಟಗಳಲ್ಲಿ ಹೊರಬಂದ ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ ಸರಕಾರೀ ಪ್ರಕಟಣೆಗೂ ಅವನು ವಿವರಣೆ ಬರೆದಿದ್ದಾನೆ. ಜನರನ್ನು ಜಾತಿ, ಕಸುಬು, ಆಯುಧಗಳ ಆಧಾರದಿಂದ ವಿಂಗಡಿಸಿ ಕ್ಯಾಮರಾದ ಮುಂದೆ ನಿಲ್ಲಿಸುವ ಆ ಕ್ರಮ ಮುಂದಿನ ಅನೇಕ ಸಿಪಾಯಿ ಚಿತ್ರಗಳ ಮೇಲೂ ಪ್ರಭಾವ ಬೀರಿತು. ವ್ಯಕ್ತಿಯ ಹೆಸರಿಗಿಂತ ‘ಮಾದರಿ’ ಮುಖ್ಯವಾಯಿತು.

ನಿಜಾಮನ ರಾಜ್ಯದಲ್ಲಿ ಈ ಕಲೆಯನ್ನು ಎತ್ತರಕ್ಕೆ ಒಯ್ದವನು ರಾಜಾ ಲಾಲಾ ದೀನದಯಾಳ (1844–1905). ಮೀರತ್ ಹತ್ತಿರದ ಸರ್ಧಾನಾದಲ್ಲಿ ಹುಟ್ಟಿ, ಇಂದೂರಿನಲ್ಲಿ ಸರಕಾರೀ ನೌಕರಿಯಲ್ಲಿದ್ದ ಆತ 1880ರ ದಶಕದ ನಡುವೆ ಹೈದರಾಬಾದಿನ ಆಶ್ರಯಕ್ಕೆ ಬಂದನು. ಆರನೆಯ ನಿಜಾಮ ಮಹಬೂಬ್ ಅಲಿ ಖಾನನ (ಆಳ್ವಿಕೆ 1869–1911) ಆಸ್ಥಾನ ಛಾಯಾಗ್ರಾಹಕನಾಗಿ ‘ಮುಸವ್ವಿರ್ ಜಂಗ್’ ಎಂಬ ಬಿರುದು ಪಡೆದನು. ಅರಮನೆ, ಬೇಟೆ, ಅಮೀರರ ಪರಿವಾರಗಳ ಜೊತೆಗೆ ಸೇನೆಯ ಕವಾಯತುಗಳನ್ನೂ ಆತ ಚಿತ್ರಿಸಿದ್ದಾನೆ. ಅವನ ಸ್ಟುಡಿಯೋದ 2,800ಕ್ಕೂ ಹೆಚ್ಚಿನ ಗಾಜಿನ ಫಲಕಗಳು ಈಗ ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರದಲ್ಲಿವೆ.

ಮುಂಬಯಿ–ಮದ್ರಾಸು ರೈಲುಮಾರ್ಗ 1871ರಲ್ಲಿ ಕಲಬುರಗಿ, ವಾಡಿ, ರಾಯಚೂರುಗಳನ್ನು ಜೋಡಿಸಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮನ ರೈಲು ಓಡಿತು. ಇದರಿಂದ ಸಿಕಂದರಾಬಾದಿನ ಸ್ಟುಡಿಯೋಗಳು ಕಲಬುರಗಿಯವರಿಗೆ ಕೈಗೆಟುಕುವಂತಾದವು. ಆದ್ದರಿಂದ ಕಲಬುರಗಿ ಸೀಮೆಯ ಮನೆಯಲ್ಲಿ ದೊರೆತ ಚಿತ್ರವನ್ನು ಅಲ್ಲಿಯೇ ತೆಗೆದದ್ದೆಂದು ಭಾವಿಸಬೇಕಾಗಿಲ್ಲ. ರಜೆಯಲ್ಲಿ ಊರಿಗೆ ಬರುವ ಸಿಪಾಯಿ ಛಾವಣಿಯ ಪೇಟೆಯಲ್ಲಿ ತೆಗೆಸಿ ತಂದದ್ದೂ ಇರಬಹುದು.

ಚಿತ್ರದ ಕಾಗದವೇ ಮೊದಲ ಸಾಕ್ಷಿ. ಮೊಟ್ಟೆಯ ಬಿಳಿಲೋಳೆ ಲೇಪಿಸಿದ ಕಾಗದದ ಚಿತ್ರಗಳು ಹಳದಿಮಿಶ್ರಿತ ಕಂದು ಬಣ್ಣಕ್ಕೆ ತಿರುಗಿರುತ್ತವೆ ಮತ್ತು ತೆಳುವಾದ್ದರಿಂದ ದಪ್ಪ ರಟ್ಟಿಗೆ ಅಂಟಿಸಿರುತ್ತವೆ. ಅಂಗೈಯಗಲದ ‘ಕಾರ್ಟ್ ದ ವಿಸಿತ್’ ರಟ್ಟು 1860ರ ದಶಕದಲ್ಲಿ ಜನಪ್ರಿಯವಾಯಿತು. ಅದಕ್ಕಿಂತ ದೊಡ್ಡದಾದ ‘ಕ್ಯಾಬಿನೆಟ್’ ರಟ್ಟು ನಂತರದ್ದು. ರಟ್ಟಿನ ಹಿಂಬದಿಯಲ್ಲಿ ಅಚ್ಚಾದ ಸ್ಟುಡಿಯೋದ ಹೆಸರು, ವಿಳಾಸ, ಪದಕಗಳ ಚಿತ್ರ ಕಾಲನಿರ್ಣಯಕ್ಕೆ ಅತ್ಯಂತ ಉಪಯುಕ್ತ. ಹಿಂಬದಿಯಲ್ಲಿ ಅಂಚೆಕಾರ್ಡಿನ ಗೆರೆಗಳಿದ್ದರೆ ಆ ಪ್ರತಿ ಇಪ್ಪತ್ತನೆಯ ಶತಮಾನದ್ದು. ಹೊಸ ಚೌಕಟ್ಟು ಹಾಕಿಸುವ ನೆಪದಲ್ಲಿ ಈ ರಟ್ಟನ್ನು ಕತ್ತರಿಸಿ ಎಸೆಯುವುದರಿಂದ ಚಿತ್ರದ ಅರ್ಧ ಚರಿತ್ರೆಯೇ ನಾಶವಾಗುತ್ತದೆ.

ಬಣ್ಣದ ಮೋಸ

ಹಳೆಯ ಚಿತ್ರ ನೋಡಿ ಉಡುಪಿನ ಬಣ್ಣ ಊಹಿಸುವುದು ಸಾಮಾನ್ಯ. ಕಪ್ಪಾಗಿ ಕಂಡದ್ದು ಕಪ್ಪು ಕೋಟು, ಬೆಳ್ಳಗೆ ಕಂಡದ್ದು ಬಿಳಿ ಕೋಟು ಎಂಬ ತೀರ್ಮಾನಕ್ಕೆ ನೋಡುಗರು ಬರುತ್ತಾರೆ. ಇದು ತಪ್ಪು. ಆ ಕಾಲದ ಗಾಜಿನ ಫಲಕಗಳು ನೀಲಿ ಬೆಳಕಿಗೆ ಹೆಚ್ಚು ಸ್ಪಂದಿಸುತ್ತಿದ್ದವು. ಕೆಂಪು ಬೆಳಕಿಗೆ ಸ್ಪಂದಿಸುತ್ತಲೇ ಇರಲಿಲ್ಲ. ಇದರ ಪರಿಣಾಮವಾಗಿ ಕಡುಗೆಂಪು ಕೋಟು ಚಿತ್ರದಲ್ಲಿ ಬಹುತೇಕ ಕಪ್ಪಾಗುತ್ತದೆ, ತಿಳಿನೀಲಿ ಬಟ್ಟೆ ಬಿಳಿಯಂತಾಗುತ್ತದೆ, ಹಳದಿ ಮತ್ತು ಖಾಕಿ ಇದ್ದದ್ದಕ್ಕಿಂತ ಕಪ್ಪಾಗಿ ಕಾಣುತ್ತವೆ. ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಫಲಕಗಳು ಮಾರುಕಟ್ಟೆಗೆ ಬಂದದ್ದು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ.

ಕಂಟಿಂಜೆಂಟಿನ ವಿಷಯದಲ್ಲಿ ಇದು ನೇರವಾದ ತೊಡಕು. ಅದರ ಅಶ್ವದಳಗಳ ಸಮವಸ್ತ್ರ ಕಡುಹಸಿರು, ಕಾಲಾಳುಗಳದು ಕೆಂಪು. ಎರಡೂ ಚಿತ್ರದಲ್ಲಿ ಒಂದೇ ಕಪ್ಪಾಗಿ ಮೂಡುತ್ತವೆ. ಕೇವಲ ಬಣ್ಣವನ್ನು ನಂಬಿದರೆ ಸವಾರನಿಗೂ ಕಾಲಾಳಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಆದ್ದರಿಂದ ಬಣ್ಣಕ್ಕಿಂತ ಆಕಾರ, ಹೊಲಿಗೆ ಮತ್ತು ಆಯುಧವನ್ನು ನಂಬಬೇಕು. ಮೈಸೂರು ಅರಮನೆಯ ಕಲ್ಯಾಣ ಮಂಟಪದ ದಸರಾ ಮೆರವಣಿಗೆಯ 26 ಚಿತ್ರಪಟಗಳು ಛಾಯಾಚಿತ್ರಗಳನ್ನು ಆಧರಿಸಿ 1934ರಿಂದ 1945ರ ನಡುವೆ ರಚಿತವಾದವು. ಮೆರವಣಿಗೆಯನ್ನು ಕಣ್ಣಾರೆ ಕಂಡ ತಲೆಮಾರಿನ ಕಲಾವಿದರು ಅಲ್ಲಿ ಕ್ಯಾಮರಾ ಬಿಟ್ಟ ಬಣ್ಣವನ್ನು ಮರಳಿ ತುಂಬಿದರು. ಹಳ್ಳಿಯ ಮನೆಯ ಚಿತ್ರಕ್ಕೆ ಅಂಥ ಕಲಾವಿದರಿಲ್ಲ. ‘ಅಜ್ಜನ ಕೆಂಪಂಗಿ’ ಎಂದು ಮುತ್ತಜ್ಜಿ ಹೇಳಿದ ಒಂದು ಮಾತು ಉಳಿದಿದ್ದರೆ ಅದೇ ಆ ಕೆಲಸ ಮಾಡಬೇಕು. ಕಪ್ಪು ಕೋಟನ್ನು ಕೆಂಪೆನ್ನುವ ಮುದುಕಿಯ ಮಾತನ್ನು ಮರೆವು ಎಂದು ತಳ್ಳಿಹಾಕುವುದು ಸುಲಭ. ಆದರೆ ಫಲಕದ ರಸಾಯನ ಅವಳ ಮಾತನ್ನೇ ಸಮರ್ಥಿಸುತ್ತದೆ.

ಇನ್ನೊಂದು ಮೋಸ ಎಡ–ಬಲದ್ದು. ತಗಡಿನ ಮೇಲೆ ನೇರವಾಗಿ ಮೂಡಿಸಿದ ಚಿತ್ರಗಳಲ್ಲಿ ರೂಪ ಕನ್ನಡಿಯಲ್ಲಿಯಂತೆ ತಿರುವುಮುರುವಾಗಿರುತ್ತದೆ. ಕತ್ತಿ ಬಲಸೊಂಟದಲ್ಲಿ ತೂಗುತ್ತಿದ್ದರೆ, ಬಂದೂಕಿನ ಕುದುರೆ ಎಡಬದಿಗೆ ಕಂಡರೆ ಆ ಸಿಪಾಯಿ ಎಡಚನೆಂದು ತಿಳಿಯುವ ಮೊದಲು ಚಿತ್ರವೇ ಮಗುಚಿದೆಯೇ ಎಂದು ನೋಡಬೇಕು.

ಉಡುಪನ್ನು ಓದುವ ಬಗೆ

1857ಕ್ಕಿಂತ ಮೊದಲಿನ ದೇಶೀ ಕಾಲಾಳು ಬ್ರಿಟಿಷ್ ಸಿಪಾಯಿಯಂತೆಯೇ ಮೈಗಂಟಿದ ಕೋಟು, ಎದೆಯ ಮೇಲೆ ಅಡ್ಡಹಾಯುವ ಬಿಳಿ ತೊಗಲಿನ ಪಟ್ಟೆ ಧರಿಸುತ್ತಿದ್ದನು. ದಂಗೆಯ ನಂತರ ಉಡುಪು ಕ್ರಮೇಣ ಸಡಿಲವಾಯಿತು, ದೇಶೀಯವಾಯಿತು. ಮುಂಡಾಸು, ಮೊಳಕಾಲು ಮುಟ್ಟುವ ಕುರ್ತಾ, ನಡುಪಟ್ಟಿ, ಸಡಿಲ ಚಲ್ಲಣಗಳು ಸೈನ್ಯದ ಉಡುಪಿಗೆ ಸೇರಿದವು. ಕುದುರೆ ಸವಾರರಲ್ಲಿ ಈ ಬದಲಾವಣೆ ಹೆಚ್ಚು ಸ್ಪಷ್ಟ. ಅವನ ಉದ್ದ ಕುರ್ತಾ, ಸೊಂಟಕ್ಕೆ ಸುತ್ತಿದ ಕಮರಬಂದ, ಎತ್ತರದ ಬೂಟು ಅಥವಾ ಕಾಲಿಗೆ ಸುತ್ತಿದ ಪಟ್ಟಿ ದೂರದಿಂದಲೇ ಗುರುತು ಹಿಡಿಯುವಂತಿರುತ್ತವೆ. ಕಾಲಿಗೆ ಸುತ್ತುವ ‘ಪಟ್ಟಿ’ ಎಂಬ ನಮ್ಮ ಪದವೇ ಇಂಗ್ಲಿಷಿಗೂ ಹೋಯಿತು.

ಮುಂಡಾಸಿನ ಕಟ್ಟು ಸವಾರನ ಸಮುದಾಯವನ್ನು ಸೂಚಿಸುತ್ತದೆ. ಚೂಪು ಕುಲ್ಲಾ ಟೋಪಿಯ ಸುತ್ತ ಕಟ್ಟಿದ ಲುಂಗಿ, ಸಿಖ್ಖರ ಎತ್ತರದ ಪಗಡಿ, ದಖ್ಖನದ ಚಪ್ಪಟೆ ರುಮಾಲು ಬೇರೆ ಬೇರೆ. ಕಂಟಿಂಜೆಂಟಿನಲ್ಲಿ ದಖ್ಖನಿ ಮುಸಲ್ಮಾನರು, ಮರಾಠರು, ಉತ್ತರದಿಂದ ಬಂದ ರಜಪೂತರು, ಜಾಟರು, ಸಿಖ್ಖರು ಇದ್ದರು. ಚಿತ್ರದಲ್ಲಿರುವವನು ಈ ಸೀಮೆಯಲ್ಲಿಯೇ ಹುಟ್ಟಿದವನೆಂದು ಭಾವಿಸುವ ಮೊದಲು ಇದನ್ನು ನೆನಪಿಡಬೇಕು. ಸೇವೆ ಮುಗಿದ ಮೇಲೆ ಛಾವಣಿಯ ಸುತ್ತಲೇ ನೆಲೆನಿಂತವರೂ ಉಂಟು. ಹೈದರಾಬಾದಿನ ‘ಬರ್ಕಸ್’ ಬಡಾವಣೆ ಅರಬ್ ಸೈನಿಕರ ‘ಬ್ಯಾರಕ್ಸ್’ನಿಂದ ಹೆಸರು ಪಡೆದಂತೆ, ‘ಎ.ಸಿ. ಗಾರ್ಡ್ಸ್’ ಬಡಾವಣೆ ಆಫ್ರಿಕನ್ ಅಂಗರಕ್ಷಕರ ನೆನಪನ್ನು ಹೊತ್ತಿದೆ.

ತೋಳಿನ ಪಟ್ಟಿಗಳು ದರ್ಜೆಯನ್ನು ಹೇಳುತ್ತವೆ. ಎರಡು ಪಟ್ಟಿ ನಾಯಕನದು, ಮೂರು ಪಟ್ಟಿ ಹವಾಲ್ದಾರನದು. ಜಮಾದಾರ, ಸುಬೇದಾರರು ಅದಕ್ಕೂ ಮೇಲಿನ ದೇಶೀ ಅಧಿಕಾರಿಗಳು. ಕುದುರೆ ದಳದಲ್ಲಿ ಹವಾಲ್ದಾರನ ಸ್ಥಾನದಲ್ಲಿ ದಫೇದಾರ, ಸುಬೇದಾರನ ಸ್ಥಾನದಲ್ಲಿ ರಿಸಾಲ್ದಾರ. ಎದೆಯ ಮೇಲಿನ ಪದಕ ಸಿಪಾಯಿ ಎಲ್ಲೆಲ್ಲಿ ಕಾದಾಡಿದನೆಂಬುದರ ಸಾಕ್ಷಿ. ಉದಾಹರಣೆಗೆ, 1858ರಲ್ಲಿ ಹ್ಯೂ ರೋಸ್‌ನ ಕೈಕೆಳಗೆ ಝಾನ್ಸಿ, ಕಾಲ್ಪಿಗಳಲ್ಲಿ ಕಾದಿದ ಪಡೆಗಳಲ್ಲಿ ಕಂಟಿಂಜೆಂಟಿನ ತುಕಡಿಗಳಿದ್ದವು. ಅದರಲ್ಲಿ ಪಾಲ್ಗೊಂಡವರ ಪದಕಕ್ಕೆ ‘ಸೆಂಟ್ರಲ್ ಇಂಡಿಯಾ’ ಎಂಬ ಅಡ್ಡಪಟ್ಟಿ ಇರುತ್ತಿತ್ತು.

ಖಾಕಿಯ ಚರಿತ್ರೆಯಲ್ಲಿ ಕನ್ನಡ ನಾಡಿಗೂ ಪಾಲಿದೆ. ಧೂಳು ಎಂಬರ್ಥದ ಪಾರಸಿ ‘ಖಾಕ್’ ಪದದಿಂದ ಬಂದ ಈ ಬಣ್ಣ 1840ರ ದಶಕದ ಕೊನೆಯಲ್ಲಿ ವಾಯವ್ಯ ಗಡಿಯ ಪಡೆಯೊಂದರಲ್ಲಿ ಬಳಕೆಗೆ ಬಂದಿತು. ಮಂಗಳೂರಿನ ಬಲ್ಮಠದ ಬಾಸೆಲ್ ಮಿಶನ್ ನೇಯ್ಗೆಶಾಲೆಯಲ್ಲಿ 1850ರ ದಶಕದ ಆರಂಭದಲ್ಲಿ ಹಾಲರ್ ಎಂಬವನು ಖಾಕಿ ಬಣ್ಣದ ಬಟ್ಟೆಯನ್ನು ಸಿದ್ಧಪಡಿಸಿದನೆಂದು ಮಿಶನ್ನಿನ ಚರಿತ್ರೆಗಳು ದಾಖಲಿಸುತ್ತವೆ. 1880ರ ದಶಕದ ಹೊತ್ತಿಗೆ ಖಾಕಿ ಭಾರತದ ಸೇನೆಯ ರಣಭೂಮಿಯ ಉಡುಪಾಯಿತು. ಮೆರವಣಿಗೆಯ ಉಡುಪಿನಲ್ಲಿ ಮಾತ್ರ ಕೆಂಪು, ಹಸಿರು, ನೀಲಿಗಳು ಮೊದಲ ಮಹಾಯುದ್ಧದವರೆಗೂ ಉಳಿದವು. ಸ್ಟುಡಿಯೋಕ್ಕೆ ಹೋಗುವ ಸಿಪಾಯಿ ಒಳ್ಳೆಯ ಉಡುಪನ್ನೇ ತೊಟ್ಟು ಹೋಗುವುದು ಸಹಜ. ಆದ್ದರಿಂದ ಚಿತ್ರದ ಉಡುಪು ಅವನ ದಿನನಿತ್ಯದ ಉಡುಪಲ್ಲ ಎಂಬುದನ್ನೂ ಗಮನದಲ್ಲಿಡಬೇಕು.

ಆಯುಧಗಳ ಸಾಕ್ಷ್ಯ

ಕಾಲನಿರ್ಣಯಕ್ಕೆ ಉಡುಪಿಗಿಂತ ಆಯುಧ ಹೆಚ್ಚು ವಿಶ್ವಾಸಾರ್ಹ. ಹೊಲಿಗೆಯವನು ಹಳೆಯ ಮಾದರಿಯನ್ನು ಹೊಲಿಯಬಲ್ಲ. ಆದರೆ ತಯಾರಾಗದ ಬಂದೂಕನ್ನು ಯಾರೂ ಹಿಡಿಯಲಾರರು.

ಮೊದಲನೆಯದು ತೋಡೇದಾರ ಬಂದೂಕು. ಉರಿಯುವ ಬತ್ತಿಯಿಂದ ಮದ್ದಿಗೆ ಕಿಡಿ ತಾಗಿಸುವ ಈ ಉದ್ದ ನಳಿಗೆಯ ಆಯುಧ ಅರಬ್, ರೋಹಿಲ ಪಡೆಗಳಲ್ಲಿ ಮತ್ತು ಬೇಡ ಸಮುದಾಯದಲ್ಲಿ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿಯೂ ಉಳಿದಿತ್ತು. ಅರಬ್ ಸೈನಿಕನಾದರೆ ಸೊಂಟದ ನಡುವೆ ಬಾಗಿದ ಜಂಬಿಯಾ ಕಠಾರಿ ಕಡ್ಡಾಯವೆಂಬಂತೆ ಇರುತ್ತದೆ.

ಎರಡನೆಯದು 1853ರ ಮಾದರಿಯ ಎನ್‌ಫೀಲ್ಡ್. ಸುಮಾರು 55 ಅಂಗುಲ ಉದ್ದದ ಈ ಬಂದೂಕಿಗೆ ನಳಿಗೆಯ ಬಾಯಿಯಿಂದ ಮದ್ದು ತುಂಬಬೇಕು. ನಳಿಗೆಯನ್ನು ಮರಕ್ಕೆ ಬಿಗಿದ ಮೂರು ಕಬ್ಬಿಣದ ಬಳೆಗಳು, ಬಲಬದಿಯ ಕುದುರೆ, ಕೆಳಗಿನ ಗಜ ಇದರ ಗುರುತು. ಇದರ ತೋಟೆಯ ಕೊಬ್ಬಿನ ಸುದ್ದಿಯೇ 1857ರ ದಂಗೆಗೆ ಕಿಡಿಯಾದದ್ದು ಎಲ್ಲರಿಗೂ ತಿಳಿದಿದೆ.

ಮೂರನೆಯದು 1866ರಲ್ಲಿ ಬ್ರಿಟಿಷ್ ಸೇನೆ ಸ್ವೀಕರಿಸಿದ ಸ್ನೈಡರ್. ಇದು ಎನ್‌ಫೀಲ್ಡನ್ನೇ ಹಿಂಬದಿಯಿಂದ ತೋಟೆ ತುಂಬುವಂತೆ ಮಾರ್ಪಡಿಸಿದ್ದು. ಹೊರನೋಟಕ್ಕೆ ಎರಡೂ ಒಂದೇ. ಕುದುರೆಯ ಮುಂದೆ ಪಕ್ಕಕ್ಕೆ ತೆರೆಯುವ ಉಕ್ಕಿನ ಮುಚ್ಚಳ ಕಂಡರೆ ಅದು ಸ್ನೈಡರ್. ಭಾರತೀಯ ಪಡೆಗಳ ಕೈಗೆ ಇದು 1870ರ ದಶಕದಲ್ಲಿ ಬಂದಿತು.

ನಾಲ್ಕನೆಯದು 1871ರ ಮಾರ್ಟಿನಿ–ಹೆನ್ರಿ. ಇದಕ್ಕೆ ಹೊರಗೆ ಕಾಣುವ ಕುದುರೆಯೇ ಇಲ್ಲ. ಬಿಲ್ಲಿನ ಹಿಂದೆ ಕೆಳಕ್ಕೆ ಎಳೆಯುವ ಸನ್ನೆ ಇದರ ಗುರುತು. ಉದ್ದ ಸುಮಾರು 49 ಅಂಗುಲ. ಬ್ರಿಟಿಷ್ ಸೈನಿಕರಿಗೆ 1888ರ ಲೀ–ಮೆಟ್‌ಫರ್ಡ್ ದೊರೆಯತೊಡಗಿದ ಮೇಲೆ ಮಾರ್ಟಿನಿಗಳು ದೇಶೀ ಸಿಪಾಯಿಗಳಿಗೆ ವ್ಯಾಪಕವಾಗಿ ಬಂದವು.

ಈ ಅನುಕ್ರಮದಲ್ಲಿ ಒಂದು ರಾಜಕೀಯ ಅಡಗಿದೆ. 1857ರ ನಂತರ ದೇಶೀ ಸಿಪಾಯಿಯ ಆಯುಧ ಗೋರಾ ಸಿಪಾಯಿಯ ಆಯುಧಕ್ಕಿಂತ ಒಂದು ತಲೆಮಾರು ಹಿಂದೆಯೇ ಇರಬೇಕೆಂಬುದು ಆಳುವವರ ನೀತಿಯಾಗಿತ್ತು. ತೋಪುಗಳನ್ನು ದೇಶೀಯರಿಂದ ಬಹುಮಟ್ಟಿಗೆ ಕಸಿದುಕೊಳ್ಳಲಾಯಿತು. ಗುಡ್ಡಗಾಡಿನ ದಳಗಳು ಮತ್ತು ಹೈದರಾಬಾದ್ ಕಂಟಿಂಜೆಂಟಿನ ತೋಪಿನ ದಳಗಳು ಇದಕ್ಕೆ ಅಪವಾದವಾಗಿ ಉಳಿದವು. ಆದ್ದರಿಂದ ಸಿಪಾಯಿಯ ಕೈಯಲ್ಲಿರುವ ಬಂದೂಕನ್ನು ಗುರುತಿಸಿದ ಮಾತ್ರಕ್ಕೆ ಚಿತ್ರದ ವರ್ಷ ತಿಳಿಯುವುದಿಲ್ಲ. ಆ ಬಂದೂಕು ಹುಟ್ಟಿದ ವರ್ಷಕ್ಕೆ ಕೆಲವು ವರ್ಷಗಳನ್ನು ಕೂಡಿಸಬೇಕಾಗುತ್ತದೆ. ಸಂಸ್ಥಾನದ ಅನಿಯತ ಪಡೆಗಳ ವಿಷಯದಲ್ಲಿ ಇನ್ನೂ ಹೆಚ್ಚು ಕೂಡಿಸಬೇಕು.

ಸವಾರರಲ್ಲಿ ಬಿದಿರಿನ ಭರ್ಜಿ ಮತ್ತು ಬಾಗಿದ ಕತ್ತಿ ಮುಖ್ಯ. ಭರ್ಜಿಯ ತುದಿಯ ಪುಟ್ಟ ನಿಶಾನೆ ಚಿತ್ರದಲ್ಲಿ ಮಸುಕಾಗಿರುವುದುಂಟು. ಫಲಕಕ್ಕೆ ಹಲವು ಕ್ಷಣಗಳ ಬೆಳಕು ಬೇಕಾಗಿದ್ದುದರಿಂದ ಗಾಳಿಗೆ ಆಡಿದ ಬಟ್ಟೆ, ಕುದುರೆಯ ಬಾಲ ಅಸ್ಪಷ್ಟವಾಗುತ್ತಿದ್ದವು. ಕಾಲಾಳು ಬಂದೂಕಿನ ಬುಡವನ್ನು ನೆಲಕ್ಕೂರಿ ಬಿಗಿಯಾಗಿ ನಿಂತಿರುವುದಕ್ಕೆ ಶಿಸ್ತು ಒಂದು ಕಾರಣವಾದರೆ, ಅಲುಗದೆ ನಿಲ್ಲಲು ಅದು ಆಸರೆಯಾಗುತ್ತಿದ್ದುದು ಇನ್ನೊಂದು ಕಾರಣ.

ಆಯುಧವಿದ್ದವರೆಲ್ಲ ಸೈನಿಕರಲ್ಲ ಎಂಬುದನ್ನೂ ಹೇಳಬೇಕು. ಸ್ಟುಡಿಯೋಗಳಲ್ಲಿ ಕತ್ತಿ, ಕುರ್ಚಿ, ಬಣ್ಣದ ಪರದೆಗಳು ಬಾಡಿಗೆಯ ಅಲಂಕಾರಗಳಾಗಿದ್ದವು. ವೀರಭದ್ರನ ಪುರವಂತರು ಶಸ್ತ್ರ ಹಿಡಿಯುತ್ತಾರೆ, ದೊಡ್ಡಾಟದ ಪಾತ್ರಧಾರಿ ಕತ್ತಿ ಹಿಡಿಯುತ್ತಾನೆ, ಮಹಾನವಮಿಯ ಖಂಡೆಪೂಜೆಗೆ ಮನೆಯ ಹಳೆಯ ಕತ್ತಿ ಹೊರಬರುತ್ತದೆ. ಈ ವ್ಯತ್ಯಾಸವನ್ನು ಗುರುತಿಸುವಲ್ಲಿ ಆಚರಣೆಯ ಅರಿವಿರುವ ಜಾನಪದ ವಿದ್ವಾಂಸನ ನೆರವು ಸೇನಾ ಇತಿಹಾಸಕಾರನಿಗೆ ಬೇಕಾಗುತ್ತದೆ.

ಮಾತಿನಲ್ಲಿ ಉಳಿದ ಸಮವಸ್ತ್ರ

ಸೇನೆಗಳು ಕರಗಿದ ಮೇಲೂ ಅವುಗಳ ಪದಕೋಶ ಈ ಸೀಮೆಯಲ್ಲಿ ಉಳಿಯಿತು. ಜಮಾದಾರ, ಹವಾಲ್ದಾರ, ಸುಬೇದಾರ, ಕಿಲ್ಲೇದಾರ, ಗೋಲಂದಾಜ, ಸಿಲೇದಾರ, ಬಾರಗೀರ ಮೊದಲಾದವು ಉತ್ತರ ಕರ್ನಾಟಕದಲ್ಲಿ ಇಂದು ಅಡ್ಡಹೆಸರುಗಳು. ಇವುಗಳಲ್ಲಿ ಕೊನೆಯ ಎರಡು ವಿಶೇಷ. ತನ್ನದೇ ಕುದುರೆ, ಆಯುಧ, ಉಡುಪುಗಳೊಂದಿಗೆ ಸೇವೆಗೆ ಸೇರುವವನು ಸಿಲೇದಾರ. ಇನ್ನೊಬ್ಬನ ಕುದುರೆ ಏರಿ ಸೇವೆ ಮಾಡುವವನು ಬಾರಗೀರ. ಕಂಟಿಂಜೆಂಟಿನ ಅಶ್ವದಳಗಳೂ ಸಿಲೇದಾರಿ ಪದ್ಧತಿಯವು. ಛಾಯಾಚಿತ್ರದಲ್ಲಿ ಇಬ್ಬರು ಸವಾರರು ಒಂದೇ ಉಡುಪಿನಲ್ಲಿ ನಿಂತಿದ್ದರೂ, ಕುದುರೆ ಯಾರದೆಂಬುದನ್ನು ಕ್ಯಾಮರಾ ಹೇಳಲಾರದು. ಮನೆತನದ ಹೆಸರು ಹೇಳಬಲ್ಲದು.

‘ಸಿಪಾಯಿ’ ಇಂದು ಕಚೇರಿಯ ಜವಾನ. ‘ದಫೇದಾರ’ ಜಿಲ್ಲಾಧಿಕಾರಿಯ ಕೋಣೆಯ ಮುಂದೆ ಮುಂಡಾಸು, ಪಟ್ಟಿ ಧರಿಸಿ ನಿಲ್ಲುವವನು. ಕುದುರೆ ದಳದ ದರ್ಜೆಯೊಂದು ಕಚೇರಿಯ ಬಾಗಿಲಿಗೆ ಬಂದು ನಿಂತದ್ದು ಸೈನಿಕ ಸಮಾಜವು ನಾಗರಿಕ ಆಡಳಿತಕ್ಕೆ ಒಗ್ಗಿದ ಬಗೆಯನ್ನು ತೋರಿಸುತ್ತದೆ. ಹತ್ತೊಂಬತ್ತನೆಯ ಶತಮಾನದ ಸಮವಸ್ತ್ರದ ಛಾಯೆಯೊಂದು ಹೀಗೆ ನಮ್ಮ ಕಣ್ಣೆದುರಿಗೇ ಇದೆ.

ಲಾವಣಿಗಳ ಸಾಕ್ಷ್ಯವೂ ಇಲ್ಲಿ ಮುಖ್ಯ. 1857ರ ನಿಶ್ಶಸ್ತ್ರೀಕರಣದ ಆಜ್ಞೆಯನ್ನು ವಿರೋಧಿಸಿದ ಹಲಗಲಿ ಬೇಡರ ಲಾವಣಿಯನ್ನೂ ಸಂಗೊಳ್ಳಿ ರಾಯಣ್ಣನ ಲಾವಣಿಯನ್ನೂ ಜೆ.ಎಫ್. ಫ್ಲೀಟ್ 1885ರಿಂದ ‘ಇಂಡಿಯನ್ ಆ್ಯಂಟಿಕ್ವೆರಿ’ಯಲ್ಲಿ ಪ್ರಕಟಿಸಿದನು. ದೀನದಯಾಳ ನಿಜಾಮನ ಸವಾರರನ್ನು ಗಾಜಿನ ಮೇಲೆ ಮೂಡಿಸುತ್ತಿದ್ದ ಕಾಲವೂ ಅದೇ. ಒಂದೇ ದಶಕದಲ್ಲಿ ಒಂದು ಕಡೆ ಆಯುಧ ಹಿಡಿದವನ ರೂಪ ದಾಖಲಾಯಿತು, ಇನ್ನೊಂದು ಕಡೆ ಆಯುಧ ಕೊಡಲಾರೆನೆಂದವನ ಹೆಸರು ದಾಖಲಾಯಿತು. ಚಿತ್ರಕ್ಕೆ ರೂಪವಿದೆ, ಹೆಸರಿಲ್ಲ. ಲಾವಣಿಗೆ ಹೆಸರಿದೆ, ರೂಪವಿಲ್ಲ. ನಮ್ಮ ವೀರಗಲ್ಲುಗಳಲ್ಲಿ ಅನೇಕವು ಬರಹ ಮತ್ತು ಶಿಲ್ಪಗಳ ಮೂಲಕ ಇವೆರಡನ್ನೂ ಒಂದೇ ಕಲ್ಲಿನಲ್ಲಿ ಹಿಡಿದಿಟ್ಟಿದ್ದವು. ಹತ್ತೊಂಬತ್ತನೆಯ ಶತಮಾನದಲ್ಲಿ ಅವು ಬೇರೆ ಬೇರೆಯಾದವು.

ತಪ್ಪು ಓದಿನ ಎರಡು ಅಪಾಯಗಳು

ಇಂಥ ಚಿತ್ರಗಳ ಓದು ಕೇವಲ ಕುತೂಹಲದ ವಿಷಯವಲ್ಲ. ಕಲಬುರಗಿ ಸೀಮೆಯ ಇತಿಹಾಸ ಅದಕ್ಕೆ ವಿಶೇಷ ಭಾರವನ್ನು ಕೊಟ್ಟಿದೆ.

ಮೊದಲನೆಯ ಅಪಾಯ, ನಿಜಾಮನ ಕಾಲದ ಸಮವಸ್ತ್ರವೆಲ್ಲ ರಜಾಕಾರರದು ಎಂಬ ಭಾವನೆ. 1947–48ರಲ್ಲಿ ಖಾಸಿಂ ರಜವಿಯ ನಾಯಕತ್ವದಲ್ಲಿ ರಜಾಕಾರರು ನಡೆಸಿದ ಹಾವಳಿಯ ನೆನಪು ಈ ಭಾಗದ ಹಳ್ಳಿಗಳಲ್ಲಿ ಆಳವಾಗಿದೆ. 1948ರ ಸೆಪ್ಟೆಂಬರ್ 17ರಂದು ಸಂಸ್ಥಾನ ಶರಣಾದ ದಿನವನ್ನು ಇಲ್ಲಿ ವಿಮೋಚನಾ ದಿನವಾಗಿ ಆಚರಿಸಲಾಗುತ್ತದೆ. ಆ ನೆನಪಿನ ಬೆಳಕಿನಲ್ಲಿ ನೋಡಿದಾಗ, ಕುಲ್ಲಾ ಮುಂಡಾಸಿನ, ಬಂದೂಕು ಹಿಡಿದ ಯಾವ ಮುಖವೂ ಸಂಶಯಕ್ಕೆ ಗುರಿಯಾಗಬಹುದು. ಆದರೆ ರಜಾಕಾರರದು 1930ರ ದಶಕದ ಕೊನೆಯ ನಂತರ ರೂಪುಗೊಂಡ ಸ್ವಯಂಸೇವಕ ದಂಡು. ಅದು ನಿಜಾಮನ ಶಿಸ್ತಿನ ಸೇನೆಯೂ ಅಲ್ಲ. ಕಂದು ಛಾಯೆಯ ರಟ್ಟಿನ ಚಿತ್ರದಲ್ಲಿ ಸ್ನೈಡರ್ ಹಿಡಿದು ನಿಂತ ಪ್ರಾಯದ ಸಿಪಾಯಿ ಅದಕ್ಕೆ ಸುಮಾರು ಅರವತ್ತು, ಎಪ್ಪತ್ತು ವರ್ಷ ಹಿಂದಿನವನು. ಬಂದೂಕಿನ ಪಕ್ಕದ ಒಂದು ಉಕ್ಕಿನ ಮುಚ್ಚಳವನ್ನು ಗುರುತಿಸಿದರೆ ಒಂದು ಮನೆತನದ ಮೇಲಿನ ಸುಳ್ಳು ಕಳಂಕ ಅಳಿಸುತ್ತದೆ. ಗುರುತಿಸದಿದ್ದರೆ ಆ ಚಿತ್ರ ಪೆಟ್ಟಿಗೆಯ ತಳಕ್ಕೋ ಒಲೆಗೋ ಸೇರುತ್ತದೆ.

ಎರಡನೆಯ ಅಪಾಯ ಇದಕ್ಕೆ ವಿರುದ್ಧವಾದದ್ದು. ಹಳೆಯ ಸಿಪಾಯಿಯೆಂದರೆ 1857ರ ವೀರನೇ ಎಂಬ ಅಭಿಮಾನ. 1858ರ ಫೆಬ್ರವರಿಯಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕನ ಮೇಲೆ ಏರಿಹೋದ ಪಡೆಗಳಲ್ಲಿ ಲಿಂಗಸುಗೂರಿನ ಕಂಟಿಂಜೆಂಟ್ ತುಕಡಿಗಳಿದ್ದವು. ಕ್ಯಾಪ್ಟನ್ ನ್ಯೂಬೆರಿ ಸುರಪುರದ ಮುಂದೆ ಬಿದ್ದನು. ನಾಯಕ ಸೆರೆಸಿಕ್ಕನು, ಸಂಸ್ಥಾನ ಕೈತಪ್ಪಿತು. ಝಾನ್ಸಿಯ ಎದುರು ಕಾದವರಲ್ಲೂ ಇದೇ ಕಂಟಿಂಜೆಂಟಿನವರಿದ್ದರು. ‘ಸೆಂಟ್ರಲ್ ಇಂಡಿಯಾ’ ಪದಕ ತೊಟ್ಟ ಪೂರ್ವಜನನ್ನು ಸ್ವಾತಂತ್ರ್ಯ ಹೋರಾಟಗಾರನೆಂದು ಹಾರ ಹಾಕಿ ಮೆರೆಸಿದರೆ ಇತಿಹಾಸಕ್ಕೆ ಅಪಚಾರ. ಅವನನ್ನು ದ್ರೋಹಿಯೆಂದು ಹಳಿದರೂ ಅಪಚಾರವೇ. ತಿಂಗಳ ಪಗಾರಕ್ಕೆ, ತುತ್ತು ಜೋಳಕ್ಕೆ, ಮನೆತನದ ವೃತ್ತಿಗೆ ಕಟ್ಟುಬಿದ್ದು ಸೇವೆಗೆ ಸೇರಿದ ಜನ ಅವರು. ಒಂದೇ ತಾಲೂಕಿನ ಒಬ್ಬನು ನಾಯಕನ ಪಾಳೆಯದಲ್ಲಿ, ಇನ್ನೊಬ್ಬನು ಛಾವಣಿಯಲ್ಲಿ ಇರಬಹುದಾಗಿದ್ದ ಕಾಲ ಅದು. ಉಡುಪು ಯಾರ ಕೈಕೆಳಗೆ ದುಡಿದನೆಂದು ಹೇಳುತ್ತದೆ. ಯಾಕೆ ದುಡಿದನೆಂದು ಹೇಳುವುದಿಲ್ಲ.

ಮುಂದಿನ ಕೆಲಸ

ಈ ಹಿನ್ನೆಲೆಯಲ್ಲಿ ಕ್ಷೇತ್ರಕಾರ್ಯಕ್ಕೆ ಕೆಲವು ಸೂಚನೆಗಳನ್ನು ನೀಡಬಹುದು. ಚಿತ್ರದ ಮುಂಬದಿಯಂತೆಯೇ ಹಿಂಬದಿಯನ್ನೂ ಪ್ರತಿ ಮಾಡಿಕೊಳ್ಳಬೇಕು. ಮೂಲ ಚಿತ್ರವನ್ನು ಮನೆಯಿಂದ ಒಯ್ಯದೆ, ಪ್ರತಿಯನ್ನು ಮಾತ್ರ ಒಯ್ಯಬೇಕು. ಒರೆಸುವುದು, ತೊಳೆಯುವುದು, ಬಣ್ಣ ತುಂಬಿಸುವುದು ಕೂಡದು. ಈಚೆಗೆ ಗಣಕಯಂತ್ರದಿಂದ ಹಳೆಯ ಚಿತ್ರಗಳಿಗೆ ಬಣ್ಣ ಕೊಡಿಸುವ ರೂಢಿ ಬಂದಿದೆ. ಯಂತ್ರಕ್ಕೆ ಫಲಕದ ರಸಾಯನವೂ ತಿಳಿಯದು, ಅಜ್ಜಿಯ ಮಾತೂ ತಿಳಿಯದು. ಕೆಂಪು ಕೋಟಿಗೆ ಅದು ಕಪ್ಪು ಬಣ್ಣವನ್ನೇ ಖಾಯಂ ಮಾಡಬಹುದು. ಮನೆಯ ಹಿರಿಯರಿಂದ, ಅದರಲ್ಲೂ ಹೆಣ್ಣುಮಕ್ಕಳಿಂದ, ಹೆಸರು, ಸಂಬಂಧ, ಊರು, ಉಡುಪಿನ ಬಣ್ಣ, ಪಗಾರ, ಪಿಂಚಣಿ, ಮರಣದ ಸುದ್ದಿ ಬಂದ ಬಗೆಗಳನ್ನು ಅವರದೇ ಪದಗಳಲ್ಲಿ ಬರೆದುಕೊಳ್ಳಬೇಕು. ಚಿತ್ರಕ್ಕೂ ಮಾತಿಗೂ ವಿರೋಧ ಬಂದರೆ ಒಂದನ್ನು ಅಳಿಸದೆ ಎರಡನ್ನೂ ದಾಖಲಿಸಬೇಕು.

ತಾಜಸುಲ್ತಾನಪುರದ ಮೀಸಲು ಪೊಲೀಸರ ಖಾಕಿ ಅಂಗಿಯ ಎದೆಯ ಮೇಲೆ ಇಂದು ಒಂದು ಪುಟ್ಟ ಫಲಕವಿದೆ. ಅದರಲ್ಲಿ ತೊಟ್ಟವನ ಹೆಸರಿದೆ. ನೂರಮೂವತ್ತು ವರ್ಷಗಳ ಹಿಂದೆ ಇದೇ ಸೀಮೆಯಿಂದ ಸೇವೆಗೆ ಹೋದ ಸಿಪಾಯಿಯ ಎದೆಯ ಮೇಲೆ ಅಂಥ ಫಲಕವಿರಲಿಲ್ಲ. ಅವನ ಗುಂಡಿ, ಪಟ್ಟೆ, ಬಂದೂಕುಗಳನ್ನು ಗ್ರಂಥಗಳ ಸಹಾಯದಿಂದ ಇಂದಿಗೂ ಗುರುತಿಸಬಹುದು. ಹೆಸರನ್ನು ಮಾತ್ರ ಮನೆಯವರೇ ಹೇಳಬೇಕು. ಹೇಳಬಲ್ಲವರು ಇರುವಷ್ಟರಲ್ಲಿ ಅದನ್ನು ಬರೆದಿಟ್ಟುಕೊಳ್ಳುವುದು ಈ ಪ್ರದೇಶದ ಜಾನಪದ ಅಧ್ಯಯನದ ಮುಂದಿರುವ ಕರ್ತವ್ಯವಾಗಿದೆ.